ತೆಳುವಾದ ದನಿ

ಆದೋನಿ
15 ಸೆಪ್ಟೆಂಬರ್ 2023

ಸೋಮೇಶ ಮಾಸ್ತರರ ಸನ್ನಿಧಿಗೆ,

ಈ ಲಕೋಟೆಯೊಳಗೆ ಒಬ್ಬ ಅಪರಾಧಿಯನ್ನು ಕಳಿಸಿದ್ದೇನೆ. ಮೂರು ಮೂಲೆಯ ಮುಖ, ಕಪ್ಪು ಬಣ್ಣ, ಪ್ಲಾಸ್ಟಿಕ್ ಮೈ. ಮೊನ್ನೆ ಶ್ರಾವಣದ ಕೊನೆಯ ಸೋಮವಾರ ಪೆದ್ದಕಡುಬೂರಿನ ಈಶ್ವರ ಗುಡಿಯ ಭಜನೆಯಲ್ಲಿ ಊರಿನವರೆದುರು ನನ್ನ ಮರ್ಯಾದೆ ಕಳೆದ, ತಂತಿ ಮೀಟುವ ಪಿಕ್ ಇದೇ. ಮೊದಲ ಪದ ನೆಟ್ಟಗೆ ಮುಗಿಸಿದೆ. ಎರಡನೇ ಪದಕ್ಕೆ ಕೈ ಹಚ್ಚುವಷ್ಟರಲ್ಲಿ ಇದು ಬೆರಳಿನಿಂದ ಜಾರಲು ಶುರು ಮಾಡಿತು. ಹಿಡಿದರೆ ತಿರುಗುತ್ತದೆ, ತಿರುಗಿದರೆ ಜಾರುತ್ತದೆ. ರಾಜಕೀಯದಲ್ಲಿ ಇರಬೇಕಾದ ವಸ್ತು, ದಾರಿ ತಪ್ಪಿ ಸಂಗೀತಕ್ಕೆ ಬಂದಿದೆ.

ಭಜನೆ ಮುಗಿದ ಮೇಲೆ ನೀನು ಗಿಟಾರನ್ನು ಚೀಲಕ್ಕೆ ತುಂಬುತ್ತ ಅಂದದ್ದು ಇನ್ನೂ ಕಿವಿಯಲ್ಲಿದೆ. "ಏನಲೇ ವಾಗ್ಯಾ, ಇವತ್ತು ನಿನ್ನ ಮ್ಯಾಂಡೋಲಿನ್ನೂ ಉಪಾಸ ಮಾಡೈತೇನು? ದನಿ ತೆಳ್ಳಗಾಗೈತಿ." ಕಾಲೇಜಿನ ದಿನದಿಂದ ನೀನು ನನ್ನನ್ನು ಏನೇನೋ ಅಂದಿದ್ದೀಯ. ಸೋಮಾರಿ ಅಂದೆ, ತಾಳಗೇಡಿ ಅಂದೆ. ದನಿ ತೆಳು ಅಂದದ್ದು ಇದೇ ಮೊದಲು. ನನ್ನ ಮೈಯನ್ನು ತೆಳು ಅಂದಿದ್ದರೆ ನಮ್ಮ ಮನೆಯಾಕೆ ಪ್ರತಿಮಾ ಖುಷಿಗೆ ನಿನಗೆ ಊಟ ಹಾಕುತ್ತಿದ್ದಳು.

ಫೋನಿನಲ್ಲಿ ಬಾರಿಸಿ ತೋರಿಸೋಣವೆಂದರೆ ಫೋನಿನ ಕಿವಿಗೆ ಎಲ್ಲ ವಾದ್ಯವೂ ಎಣ್ಣೆಯ ಡಬ್ಬಿಯೇ. ಪಿಕ್ ಅಂಚೆಯಲ್ಲಿಯೇ ಹೋಗಬೇಕು. ಪಿಕ್ ಒಂದನ್ನೇ ಲಕೋಟೆಗೆ ಹಾಕಿದರೆ ಒಂಟಿ ಪ್ರಯಾಣ, ಪಾಪ. ಅದಕ್ಕೆ ಜೊತೆಗೊಂದು ಪತ್ರ. ಅಲ್ಲದೆ ನೀನು ದೇವನಕೊಂಡದ ಶಾಲೆಯಲ್ಲಿ ದಿನವಿಡೀ ತೆಲುಗಿನಲ್ಲಿ ಲೆಕ್ಕ ಕಲಿಸುತ್ತೀಯ, ನಾನು ಇಲ್ಲಿ ಮಾರ್ಕೆಟ್ ಯಾರ್ಡಿನಲ್ಲಿ ದಿನವಿಡೀ ತೆಲುಗಿನಲ್ಲಿ ಹತ್ತಿ ಕೊಳ್ಳುತ್ತೇನೆ. ನಮ್ಮಿಬ್ಬರ ಕನ್ನಡ ಅಕ್ಷರಕ್ಕೆ ತುಕ್ಕು ಹತ್ತದಿರಲು ಇದೂ ಒಂದು ರಿಯಾಜು.

ಅಪರಾಧಿಯನ್ನು ವಿಚಾರಿಸಿ ತೀರ್ಪು ಕೊಡು. ನನಗೊಂದು ಒಳ್ಳೆಯ ಪಿಕ್ ಮಾಡಿ ಕಳಿಸು. ಬರುವ ಶ್ರಾವಣಕ್ಕೆ ನಿನ್ನ ಗಿಟಾರ್ ನನ್ನ ಮುಂದೆ ಮೂಗಬಸವನಂತೆ ಕೂಡಬೇಕು.

ಜಾರಿಣಿಯ ಸಹವಾಸದಿಂದ ಕೆಟ್ಟ,
ವಾಗೀಶ್

*

ದೇವನಕೊಂಡ
3 ಅಕ್ಟೋಬರ್ 2023

ವಾಗೀಶ್,

ಅಪರಾಧಿ ಬಂದು ಮುಟ್ಟಿದ. ನನ್ನ ಗಿಟಾರಿನ ಮೇಲೆ ನಾಲ್ಕಾರು ದಿನ ದುಡಿಸಿದೆ. ನನ್ನ ಕೈಯಲ್ಲಿ ಜಾರಲಿಲ್ಲ. ಆದರೆ ನಿನ್ನದು ಬೆವರುವ ಕೈ, ನುಣ್ಣಗಿನ ಪ್ಲಾಸ್ಟಿಕ್ ಅದಕ್ಕೆ ಆಗಿಬರುವುದಿಲ್ಲ. ಇದನ್ನು ನನ್ನ ಪೆನ್ನಿನ ಡಬ್ಬಿಯಲ್ಲಿ ಬಂಧನದಲ್ಲಿಟ್ಟಿದ್ದೇನೆ.

ಇದರ ಜೊತೆಗಿರುವುದು ಕರಟದ ಪಿಕ್. ಬಲಿತ ತೆಂಗಿನಕಾಯಿಯ ಕರಟವನ್ನು ಒಡೆದು, ಕಲ್ಲಿಗೆ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ ಮಾಡಿದ್ದು. ತೆಳುವಾದ ಪಿಕ್ ತಂತಿಗೆ ತಾಗಿದಾಗ ತಾನೇ ಬಾಗುತ್ತದೆ, ಅರ್ಧ ದನಿ ಬಾಗುವುದರಲ್ಲಿಯೇ ಹೋಗುತ್ತದೆ. ಕರಟ ಬಾಗುವುದಿಲ್ಲ. ದನಿ ಗುಂಡಗೆ, ತುಂಬಿ ಬರುತ್ತದೆ. ಮ್ಯಾಂಡೋಲಿನ್ನಿನ ಜೋಡಿ ತಂತಿಗಳು ಎರಡೂ ಒಟ್ಟಿಗೆ ಮಾತಾಡುತ್ತವೆ.

ಆದರೆ ಇದನ್ನು ಗಟ್ಟಿಯಾಗಿ ಹಿಡಿಯಬೇಕು. ನೀನು ಚಹಾದ ಬಿಸ್ಕತ್ತು ಹಿಡಿದಂತೆ ಹಿಡಿಯುತ್ತೀಯ. ದನಿ ಪಿಕ್ಕಿನಲ್ಲಿ ಅರ್ಧ, ಹಿಡಿತದಲ್ಲಿ ಅರ್ಧ.

ಸೋಮೇಶ್

*

ಆದೋನಿ
14 ನವೆಂಬರ್ 2023

ಕರಟಬ್ರಹ್ಮನಿಗೆ ವಂದನೆ.

ನಿನ್ನ ಕರಟದ ಕಥೆ ಕೇಳು. ದೀಪಾವಳಿಯ ಅಮಾವಾಸ್ಯೆಗೆ ಅಂಗಡಿಯ ಪೂಜೆ, ಪೂಜೆಯ ಬಳಿಕ ಭಜನೆ. ನಮ್ಮ ಭಜನೆಯ ಮುಖ್ಯಸ್ಥ ಭೀಮಲಿಂಗಪ್ಪ ಮಾಮ ಹಾರ್ಮೋನಿಯಂ ಹಿಡಿದು ಕೂತಿದ್ದರು. ನಾನು ಪಕ್ಕದಲ್ಲಿ. ಒಂದು ಎಳೆತಕ್ಕೆ ಕರಟ ನನ್ನ ಬೆರಳಿನಿಂದ ಹಾರಿ ನೇರವಾಗಿ ಅವರ ಪೆಟ್ಟಿಗೆಯ ಸಂದಿಗೆ ಇಳಿಯಿತು. ಪದ ನಿಂತಿತು. ಮಾಮ ಸ್ಕ್ರೂ ಬಿಚ್ಚಿ ಕೈ ಹಾಕಿ ಹುಡುಕುತ್ತ, "ಅಳಿಯಾ, ನಿನ್ನ ಪಿಕ್ ನನ್ನ ಪೆಟ್ಟಿಗ್ಯಾಗ ಸಂಸಾರ ಹೂಡೈತಲ್ಲೋ, ಬಾಡಗಿ ಯಾರ ಕೊಡ್ತಾರ?" ಅಂದರು. ಉಳಿದ ಪದಗಳಿಗೆ ನಾನು ತಾಳ ಹಿಡಿದೆ. ಅದೂ ಒಂದೆರಡು ಸಲ ಕೈತಪ್ಪಿತು. ತಾಳ ತಪ್ಪುವುದು ನನಗೆ ಹೊಸದಲ್ಲವೆಂದು ಯಾರೂ ಗಮನಿಸಲಿಲ್ಲ.

ಸಂಗೀತದಲ್ಲಿ ಕಳೆದದ್ದನ್ನು ಹತ್ತಿಯಲ್ಲಿ ಗಳಿಸುತ್ತಿದ್ದೇನೆ ಎಂದು ತಿಳಿ. ನಮ್ಮ ವಿದ್ಯೆ ನಿನಗೆ ಗೊತ್ತು. ಚೀಲದಿಂದ ಒಂದು ಚಿಟಿಕೆ ಹತ್ತಿ ತೆಗೆದು, ಎರಡು ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆಯುವುದು. ತಟ್ಟನೆ ಹರಿದರೆ ಕಸುವಿಲ್ಲದ ಎಳೆ. ಹರಿಯದೆ ಹಟ ಮಾಡಿದರೆ ಗಟ್ಟಿ ಎಳೆ. ಅಪ್ಪ ಕಲಿಸಿದ್ದು ಇದೊಂದೇ, ಉಳಿದದ್ದೆಲ್ಲ ಕಾಲೇಜು ಕೆಡಿಸಿದ್ದು. ಈ ವರ್ಷದ ಹತ್ತಿ ಎಂಥದ್ದು ಅಂತೀಯ, ಎಷ್ಟು ಎಳೆದರೂ ಹರಿಯುವುದೇ ಇಲ್ಲ. ರೇಷ್ಮೆಯ ಹಾಗೆ ಇಡಿಯಾಗಿ ಬೆರಳಿನಿಂದ ಜಾರಿ ಬರುತ್ತದೆ. ಉಳಿದ ವ್ಯಾಪಾರಿಗಳು ಮೂಗು ಮುರಿದು ಹೋಗುತ್ತಾರೆ, ನಾನು ಹರಾಜಿನ ಸವಾಲಿನಲ್ಲಿ ಮೇಲೆ ಮೇಲೆ ಕೂಗಿ ಹಿಡಿಯುತ್ತೇನೆ. ಅವರಿಗೆ ಕಣ್ಣಿದೆ, ಬೆರಳಿಲ್ಲ. ಚೀಲ ಹೊರುವ ಜಂಬಪ್ಪ ಮಾತ್ರ, "ಅಣ್ಣಾ, ಈ ಪತ್ತಿ ಅಂತ ಬಾಗಾ ಲೇದು, ಸುಮ್ಮನ ಬಿಡ್ರಿ" ಅಂದ, ಹತ್ತಿ ಅಷ್ಟು ಚೆನ್ನಾಗಿಲ್ಲವಂತೆ. ನಾನು ಅವನ ಕಾಲೆಳೆದೆ. ಎಳೆಯುವುದರಲ್ಲಿ ನಮ್ಮದು ಮನೆತನದ ಹೆಸರು.

ಈಗ ಪ್ರತಿಮಾ ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಹಾಕುತ್ತಾಳೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಇದೆಂಥ ಪ್ರೀತಿ ಎಂದು ಅವ್ವ ಅಡುಗೆಮನೆಯಿಂದ ಹಣಿಕಿ ನೋಡುತ್ತಾಳೆ. ಹೊಸ ಅಂಗಿಯ ಕಾಜು ಬಿಗಿ, ನನಗೆ ತೂರಿಸಲು ಆಗುವುದಿಲ್ಲ. ನೋಡಲಿ ಬಿಡು.

ಇನ್ನೊಂದು ಪಿಕ್ ಕಳಿಸು, ಇನ್ನೂ ದಪ್ಪನೆಯದು. ಹಾರದಂಥದ್ದು.

ಗಟ್ಟಿ ಎಳೆಯ,
ವಾಗೀಶ್

*

ದೇವನಕೊಂಡ
12 ಡಿಸೆಂಬರ್ 2023

ವಾಗೀಶ್,

ಎಮ್ಮೆಯ ಕೊಂಬಿನ ಬಾಚಣಿಗೆಯನ್ನು ಕತ್ತರಿಸಿ ಮಾಡಿದ್ದು ಇದು. ನಡುವೆ ತೂತು ಕೊರೆದಿದ್ದೇನೆ, ಹೆಬ್ಬೆರಳಿನ ಚರ್ಮ ಅದರಲ್ಲಿ ಕಚ್ಚಿ ಕೂರುತ್ತದೆ. ಹಿಂಬದಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇನೆ. ಇದೂ ಜಾರಿದರೆ ಪಿಕ್ ಮಾಡುವ ಕೆಲಸ ಬಿಟ್ಟು ಪಂಚಾಂಗ ಹೇಳುತ್ತೇನೆ.

ಹೋದ ಭಾನುವಾರ ನಿನ್ನ ಅಂಗಡಿಗೆ ಬಂದಾಗ ಮ್ಯಾಂಡೋಲಿನ್ ತೆಗೆ ಅಂದರೆ ತೆಗೆಯಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಿಂದ ಹಿಡಿದಿದ್ದೆ. ಯಾಕಲೇ ಅಂದರೆ ಚಳಿ ಅಂದೆ. ಆದೋನಿಯಲ್ಲಿ ಚಳಿ.

ನಿನಗೆ ಅಭ್ಯಾಸ ತಪ್ಪಿದೆ, ಅಷ್ಟೇ. ರಬ್ಬರ್ ಚೆಂಡು ತಂದಿಟ್ಟುಕೊಂಡು ಗಲ್ಲೆಯ ಮೇಲೆ ಕೂತಾಗ ಹಿಸುಕು. ಬೆರಳಿಗೆ ಬಲ ಬರುತ್ತದೆ. ಸೋಮಾರಿತನಕ್ಕೆ ಕೊಂಬಿನ ಪಿಕ್ಕೂ ಮದ್ದಲ್ಲ.

ಸೋಮೇಶ್

*

ಆದೋನಿ
22 ಜನವರಿ 2024

ಸೋಮ್ಯಾ,

ಇನ್ನು ಪಿಕ್ ಕಳಿಸಬೇಡ.

ಸಂಕ್ರಾಂತಿ ಮುಗಿದ ಮರುದಿನ ಜಿನ್ನಿಂಗ್ ಮಿಲ್ಲಿನಿಂದ ನನ್ನ ಹತ್ತಿ ವಾಪಸು ಬಂತು. ಒಂದು ಲಾರಿಯಲ್ಲ, ನಾನು ಗಟ್ಟಿ ಎಳೆ ಎಂದು ಕೊಂಡದ್ದೆಲ್ಲ. ಎಳೆ ಗಿಡ್ಡ, ಕಸುವಿಲ್ಲ ಎಂದು ಅವರ ಯಂತ್ರ ಹೇಳಿತಂತೆ. ಯಂತ್ರಕ್ಕೆ ಹುಚ್ಚು ಹಿಡಿದಿದೆ ಎಂದು ನಾನು ಒಂದು ಚೀಲ ಮನೆಗೆ ಹೊರಿಸಿಕೊಂಡು ಬಂದೆ. ಪ್ರತಿಮಾಳ ಮುಂದೆ ಎಳೆದು ತೋರಿಸಿದೆ. ಹರಿಯಲಿಲ್ಲ. "ನೋಡ್ದೇನು?" ಅಂದೆ. ಆಕೆ ಚಪಾತಿ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅದೇ ಚೀಲದಿಂದ ಒಂದು ಚಿಟಿಕೆ ತೆಗೆದು ಎಳೆದಳು. ತಟ್ಟನೆ ಹರಿಯಿತು. ಇನ್ನೊಂದು ಚಿಟಿಕೆ. ಅದೂ ಹರಿಯಿತು. ಅವ್ವ ಬಂದು ತನ್ನ ಬಡಕಲು ಬೆರಳಲ್ಲಿ ಹರಿದಳು. ನಾನು ಮತ್ತೆ ಎಳೆದೆ. ಹತ್ತಿ ರೇಷ್ಮೆಯ ಹಾಗೆ ಜಾರಿ ಬಂತು.

ಪ್ರತಿಮಾ ಹತ್ತಿಯನ್ನು ನೋಡಲಿಲ್ಲ. ನನ್ನ ಬಲಗೈ ತಿರುವಿ ನೋಡಿದಳು. "ಇಲ್ಲಿ ಮಾಂಸ ಎಲ್ಲೈತ್ರಿ?" ಅಂದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿರಬೇಕಾದ ಜಾಗ ಗುಳಿಬಿದ್ದಿದೆ. ಚಿಕ್ಕ ಬಟ್ಟಲಿನ ಹಾಗೆ. ಎಡಗೈ ಪಕ್ಕಕ್ಕೆ ಹಿಡಿದರೆ ಬೇರೆ ಯಾರದೋ ಕೈ ತಂದು ಜೋಡಿಸಿದಂತಿದೆ. ದಿನಾ ಉಣ್ಣುವ ಕೈ, ನನಗೇ ಗೊತ್ತಿರಲಿಲ್ಲ. ತೋಳಿನ ಚರ್ಮದ ಕೆಳಗೆ ಆಗಾಗ ಏನೋ ನಡುಗುತ್ತದೆ, ಯಾರೂ ಮೀಟದೆ ತಂತಿ ನಡುಗಿದ ಹಾಗೆ. ಅದನ್ನು ನಾನು ಸಂಗೀತ ಮೈಗೂಡಿದ ಲಕ್ಷಣ ಎಂದುಕೊಂಡಿದ್ದೆ.

ಅವ್ವ ದೃಷ್ಟಿ ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕರ್ನೂಲಿನ ಡಾಕ್ಟರು ಸೂಜಿ ಚುಚ್ಚಿ ನೋಡಿ, ಬೆರಳು ಹಿಡಿದು ನೋಡಿ, ಹೈದರಾಬಾದಿಗೆ ಚೀಟಿ ಬರೆದರು. ಕೇಳಿದರೆ, "ಮೊದಲ ಅಲ್ಲಿ ತೋರಿಸ್ಕೊಂಡು ಬರ್ರಿ" ಅನ್ನುತ್ತಾರೆ. ಹಿಂದೆ ಕೆಟ್ಟ ಸುದ್ದಿ ತಂತಿಯಲ್ಲಿ ಬರುತ್ತಿತ್ತಂತೆ. ನನಗೂ ತಂತಿಯಲ್ಲಿಯೇ ಬಂದಿತ್ತು. ಓದಲು ಬರಲಿಲ್ಲ.

ವಾಗೀಶ್

*

ಆದೋನಿ
10 ಮಾರ್ಚ್ 2024

ಸೋಮೇಶ,

ಅಕ್ಷರ ನೋಡಿ ಹೆದರಬೇಡ. ಇದು ಎಡಗೈಯ ಚೊಚ್ಚಲ ಕೃತಿ. ಒಂದು ಪುಟಕ್ಕೆ ಎರಡು ದಿನ ಹಿಡಿಯುತ್ತಿದೆ, ಅದಕ್ಕೇ ಈ ಸಲ ನನ್ನ ಮಾತು ಕಡಿಮೆ. ನೀನು ಬೇಡಿಕೊಂಡಿದ್ದು ಇದೇ ತಾನೇ.

ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಕಾಯಿಲೆಗೆ ಉದ್ದದ ಹೆಸರು ಹೇಳಿದರು. ಬರೆಯಲು ಎಡಗೈ ಒಪ್ಪುವುದಿಲ್ಲ. ಕನ್ನಡದಲ್ಲಿ ಇಷ್ಟು: ಮೆದುಳಿನಿಂದ ಸ್ನಾಯುವಿಗೆ ಆಜ್ಞೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಈ ಕೈ. ಆಮೇಲೆ ಆ ಕೈ. ಕಾಲು, ನಾಲಿಗೆ, ನುಂಗುವುದು. ಕೊನೆಗೆ ಉಸಿರು. ಬುದ್ಧಿಗೂ ಕಿವಿಗೂ ಏನೂ ಆಗುವುದಿಲ್ಲವಂತೆ. ಎಲ್ಲವನ್ನೂ ಕೇಳುತ್ತ ಕೂಡಬಹುದು. ಮದ್ದಿಲ್ಲ. ಒಂದು ಗುಳಿಗೆ ಇದೆ, ಅದು ಸಾವಿಗೆ ಸ್ವಲ್ಪ ತಡಿ ಅನ್ನುತ್ತದೆ, ಬೇಡ ಅನ್ನುವುದಿಲ್ಲ.

ಡಾಕ್ಟರಮ್ಮ ನನ್ನ ಹೆಸರು ಓದಿ, "ವಾಗೀಶ ಅಂದರೆ ಮಾತಿನ ಒಡೆಯ ಅಲ್ಲವೇ?" ಅಂದರು. ಆಮೇಲೆ ಕಾಗದದ ಕಡೆ ಕಣ್ಣು ತಿರುಗಿಸಿದರು. ನಾನು, "ಒಡೆತನ ಎಷ್ಟು ದಿನ?" ಎಂದು ಕೇಳಿದೆ. ಅದು ತಮಾಷೆ ಎಂದು ಅವರಿಗೆ ತಿಳಿಯಿತು. ನಗಲಿಲ್ಲ. ಒಳ್ಳೆಯವರು.

ನನಗೆ ಸಾವಿನ ಮಾತು ಇನ್ನೂ ತಲೆಗೆ ಇಳಿದಿಲ್ಲ. ಬರುವ ಶ್ರಾವಣಕ್ಕೆ ಗುಡಿಯಲ್ಲಿ ಬಾರಿಸಬೇಕು ಎಂಬುದೊಂದೇ ತಲೆಯಲ್ಲಿ ಕೂತಿದೆ. ದನಿ ತೆಳು ಅನ್ನಿಸಿಕೊಂಡು ಮುಗಿಸಲಾರೆ.

ವಾಗೀಶ್

*

ದೇವನಕೊಂಡ
2 ಏಪ್ರಿಲ್ 2024

ವಾಗೀಶ್,

ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ.

ಒಂದು ಮಾತು ಕೇಳುತ್ತೇನೆ, ಹೌದು ಅಥವಾ ಇಲ್ಲ ಅನ್ನು. ನಾನು ಒಂದರ ಮೇಲೊಂದು ಪಿಕ್ ಮಾಡಿ ಕಳಿಸುತ್ತಾ ಹೋದೆ. ಪಿಕ್ ನನ್ನ ಕೈಯಲ್ಲಿ ಜಾರಲಿಲ್ಲ ಎಂದು ನಾನೇ ಬರೆದೆ. ಬರೆದೂ ತಿಳಿಯಲಿಲ್ಲ. ಚೆಂಡು ಹಿಸುಕು ಅಂದೆ. ಸೋಮಾರಿ ಅಂದೆ. ಆಗಲೇ ಆಸ್ಪತ್ರೆಗೆ ನಡಿ ಅಂದಿದ್ದರೆ ಏನಾದರೂ ಆಗುತ್ತಿತ್ತೇ?

ಡಾಕ್ಟರನ್ನು ಕೇಳಿ ಬರೆ.

ಸೋಮೇಶ್

*

ಆದೋನಿ
9 ಜೂನ್ 2024

ಪ್ರಿಯ ಸೋಮೇಶ,

ಇದು ನನ್ನ ಬಾಯಿ, ಪ್ರತಿಮಾಳ ಕೈ. ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆಂದು ಆಣೆ ಮಾಡಿದ್ದಾಳೆ. (ಇಲ್ಲ ಸೋಮೇಶಣ್ಣ, ಆಣೆ ಮಾಡಿಲ್ಲ. ನಡುನಡುವೆ ನಂದೂ ಬರೀತೀನಿ. — ಪ್ರತಿಮಾ)

ನಿನ್ನ ಪ್ರಶ್ನೆಗೆ ಉತ್ತರ ಡಾಕ್ಟರಮ್ಮನ ಬಾಯಿಂದಲೇ ತಂದಿದ್ದೇನೆ. ಮೊದಲೇ ಬಂದಿದ್ದರೆ ಮೊದಲೇ ತಿಳಿಯುತ್ತಿತ್ತು, ಅಷ್ಟೇ ಎಂದರು. ಅಂದರೆ ನಿನ್ನ ಪಿಕ್ಕುಗಳು ನನಗೆ ಕೆಲವು ತಿಂಗಳ ಅಜ್ಞಾನವನ್ನು ದಯಪಾಲಿಸಿದವು. ಆ ದೀಪಾವಳಿಯಲ್ಲಿ ನಾನು ಹೋಳಿಗೆ ತಿಂದೆ, ಮಾಮನ ಪೆಟ್ಟಿಗೆ ಬಿಚ್ಚಿಸಿದೆ, ನಕ್ಕೆ. ಗೊತ್ತಿದ್ದರೆ ನಗುತ್ತಿದ್ದೆನೇ? ಆದ್ದರಿಂದ ಈ ಪಾಪ ನಿನಗೆ ಸಿಗುವುದಿಲ್ಲ, ಬೇರೆ ಯಾವುದಾದರೂ ಹುಡುಕಿಕೋ. (ಹೋಳಿಗಿ ಆಗಲೇ ಚೂರು ಚೂರು ಮಾಡಿ ಕೊಡತಿದ್ದೆ ಅಣ್ಣ. ಯಾಕ ಅಂತ ನಾನೂ ಕೇಳಲಿಲ್ಲ.)

ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದೆ. ಬಲಗೈ ಈಗ ತೊಡೆಯ ಮೇಲೆ ಮಲಗಿರುತ್ತದೆ, ಯಾರೋ ಮರೆತು ಹೋದ ಕೈಚೀಲದ ಹಾಗೆ. ಎಡಗೈ ಇನ್ನೂ ನನ್ನ ಮಾತು ಕೇಳುತ್ತದೆ. ಅದಕ್ಕೇ ಒಂದು ಯೋಚನೆ ಬಂದಿದೆ, ಬೈಯದೆ ಕೇಳು. ಮ್ಯಾಂಡೋಲಿನ್ನಿನಲ್ಲಿ ಸ್ವರ ಹಿಡಿಯುವುದು ಎಡಗೈ, ಮೀಟುವುದು ಬಲಗೈ. ಸ್ವರ ನಾನು ಹಿಡಿಯುತ್ತೇನೆ. ಮೀಟುವುದು ನೀನು. ಒಬ್ಬನ ಮಗ್ಗುಲಿಗೆ ಒಬ್ಬ ಕೂತರೆ ವಾದ್ಯ ಇಬ್ಬರ ತೊಡೆಯ ಮೇಲೂ ಬರುತ್ತದೆ. ನಿನ್ನ ಗಿಟಾರಿಗೆ ಒಂದು ಶ್ರಾವಣ ರಜೆ ಕೊಡು. ಎರಡನೇ ಪದ ಒಂದೇ ಸಾಕು.

ಭಾನುವಾರಗಳಂದು ಬಾ. ಕಲಿಯಬೇಕು. ಎಡಗೈಗೆ ಎಷ್ಟು ಸಮಯವಿದೆ ಎಂದು ಅದು ಹೇಳಿಲ್ಲ. (ಬರ್ರಿ ಅಣ್ಣ. ಮ್ಯಾಂಡೋಲಿನ್ ಮಂಚದ ಮ್ಯಾಲೆ ಪಕ್ಕದಾಗ ಇಟ್ಕೊಂಡು ಮಲಗ್ತಾರ. ನನಗ ಜಾಗ ಇಲ್ಲ.)

ಎಡಪಂಥೀಯನಾದ,
ವಾಗೀಶ್

*

ದೇವನಕೊಂಡ
5 ಸೆಪ್ಟೆಂಬರ್ 2024

ವಾಗೀಶ್,

ಶ್ರಾವಣದ ಕೊನೆಯ ಸೋಮವಾರ ಸಂಜೆ, ಭಜನೆ ಮುಗಿದು ನಿನ್ನನ್ನು ಕಾರಿನಲ್ಲಿ ಕೂಡಿಸಿ ಕಳಿಸಿದ ಮೇಲೆ ಒಂದು ಮಾತು ಹೇಳುವುದಿತ್ತು. ಎದುರಿಗೆ ಹೇಳಿದರೆ ನೀನು ತಮಾಷೆ ಮಾಡುತ್ತಿದ್ದೆ. ಬರೆಯುತ್ತೇನೆ.

ಗುಡಿಯಲ್ಲಿ ನಾವು ಕಂಬಕ್ಕೆ ಒರಗಿ ಕೂತಾಗ ಹೂ ಮಾರುವ ಶೇಷಮ್ಮ, "ಇಬ್ರೂ ಸೇರಿ ಒಂದ ಬಾರಸ್ತೀರೇನು? ಇನ್ನೊಂದು ಎಲ್ಲಿ ಒತ್ತಿ ಇಟ್ಟು ಬಂದ್ರಿ?" ಅಂದಳಲ್ಲ. ನೀನು, "ಇಲ್ಲಮ್ಮ, ನಂದು ಒಂದು ಕೈ ಒತ್ತಿ ಬಿದ್ದೈತಿ" ಅಂದೆ. ಆಕೆ ನಕ್ಕು ಮುಂದೆ ಹೋದಳು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ನಿನ್ನ ಮುಂದೆ ಒಂದು ಮೊಳ ಕನಕಾಂಬರ ಇಟ್ಟು ಹೋದಳು. ನೀನು ಕಣ್ಣು ಮುಚ್ಚಿದ್ದೆ. ಅದನ್ನು ನೀನು ನೋಡಿಲ್ಲ.

ಎರಡನೇ ಪದ ಶುರುವಾದಾಗ ನಿನ್ನ ಭುಜ ನನ್ನ ಭುಜಕ್ಕೆ ಒತ್ತಿತ್ತು. ನಿನ್ನ ಬೆರಳು ಯಾವ ಸ್ವರದ ಮನೆಗೆ ಹೋಗುತ್ತದೆ ಎಂದು ನನಗೆ ಕಣ್ಣಿನಿಂದ ಅಲ್ಲ, ಭುಜದಿಂದ ತಿಳಿಯುತ್ತಿತ್ತು. ಕೊಂಬಿನ ಪಿಕ್ ಹಿಡಿದಿದ್ದೆ. ದನಿ ತುಂಬಿ ಬಂತು. ಭೀಮಲಿಂಗಪ್ಪ ಮಾಮ ಪೆಟ್ಟಿಗೆ ನಿಲ್ಲಿಸಿ ಕೇಳಿದರು. ಕೊನೆಯ ಸಾಲಿಗೆ ನಿನ್ನ ಕಿರುಬೆರಳು ತಂತಿಗೆ ತಲುಪಲಿಲ್ಲ. ಆ ಜಾಗದಲ್ಲಿ ನಾನು ಖಾಲಿ ತಂತಿ ಮೀಟಿದೆ. ಅದು ತಪ್ಪು ಸ್ವರ. ಯಾರಿಗೂ ಗೊತ್ತಾಗಲಿಲ್ಲ, ನಮ್ಮಿಬ್ಬರಿಗೆ ಬಿಟ್ಟು.

ನಿನ್ನ ಎಡಗೈಯನ್ನು ಡಾಕ್ಟರಿಗೆ ತೋರಿಸಿದೆಯಾ?

ಸೋಮೇಶ್

*

ಆದೋನಿ
16 ಫೆಬ್ರವರಿ 2025

ಸೋಮೇಶಣ್ಣನಿಗೆ ಪ್ರತಿಮಾಳ ನಮಸ್ಕಾರ.

ಇವರಿಗೆ ಮಾತು ಪೂರ್ತಿ ಹೋಗಿದೆ ಎಂದು ನಿಮಗೆ ಗೊತ್ತು. ನೀವು ಮೊನ್ನೆ ಬಂದು ಹೋದ ಮೇಲೆ ನುಂಗುವುದೂ ಕಷ್ಟವಾಗಿದೆ. ಅತ್ತೆ ಗಂಜಿಯನ್ನು ಚಮಚದಲ್ಲಿ ಹಾಕುತ್ತಾರೆ, ಅರ್ಧ ಗಂಟಲಿಗೆ, ಅರ್ಧ ಟವೆಲಿಗೆ. ಕಿವಿ ಮಾತ್ರ ಚೆನ್ನಾಗಿದೆ. ಓಣಿಯಲ್ಲಿ ಸೈಕಲ್ ಬೆಲ್ ಆದರೂ ಕಣ್ಣು ಆ ಕಡೆ ಹೊರಳುತ್ತದೆ.

ನಾನು ಅಕ್ಷರಮಾಲೆಯ ಪಟ್ಟಿಯನ್ನು ಹಿಡಿದು ಬೆರಳು ಸರಿಸುತ್ತೇನೆ, ಬೇಕಾದ ಅಕ್ಷರಕ್ಕೆ ಇವರು ಕಣ್ಣು ಮಿಟುಕಿಸುತ್ತಾರೆ. ಒತ್ತಕ್ಷರ ಬಂದರೆ ಇಬ್ಬರಿಗೂ ಸಾಕಾಗುತ್ತದೆ. ನಿಮಗೆ ಬರೆಯಬೇಕು ಎಂದು ವಾರದಿಂದ ಸ್ವಲ್ಪ ಸ್ವಲ್ಪವಾಗಿ ಹೇಳಿದ್ದು ಇದು. ನಂದು ಒಂದು ಅಕ್ಷರವೂ ಸೇರಿಸಿಲ್ಲ.

"ಸೋಮ್ಯಾ. ನಮ್ಮಲ್ಲಿ ಕೂಡಿಸಿ ಮಣ್ಣು ಮಾಡ್ತಾರ. ಎಡಗೈಯಾಗ ಲಿಂಗ ಇಡ್ತಾರ. ಬಲಗೈ ಖಾಲಿ ಐತಿ ಅಂತ ಅದರಾಗ ಪಿಕ್ ಇಡಬ್ಯಾಡ. ಅಲ್ಲೂ ಜಾರತೈತಿ. ಮ್ಯಾಂಡೋಲಿನ್ ನಿನಗ. ಹೋದ ವರ್ಷ ಇಬ್ರೂ ಬಾರಿಸಿದ್ದು ನಿನ್ನ ದನಿ. ಚೆಂದ ಇತ್ತು, ನಂದಲ್ಲ. ನಾನು ಒಬ್ಬನ ಬಾರಿಸಿದ್ದು ಅದರ ಹಿಂದಿನ ಶ್ರಾವಣ, ನೀನು ತೆಳು ಅಂದ್ಯಲ್ಲ, ಅದ ಕಡೀದು. ಈ ಸಲ ಎರಡನೇ ಪದ ಹಂಗ ಬಾರಿಸು. ತೆಳ್ಳಗ. ಆವಾಗ ನಾನು ಬಂದೀನಿ ಅಂತ ಮಂದಿಗೆ ಗೊತ್ತಾಗತೈತಿ."

ಇಷ್ಟು ಮುಗಿಸಿ ಇನ್ನೊಂದು ಸಲ ಪಟ್ಟಿ ಹಿಡಿ ಎಂದು ಕಣ್ಣಿನಲ್ಲಿ ಹೇಳಿದರು. ಹಿಡಿದೆ. "ಬಿಸ್ಕತ್ತು ಹಿಡಿದಂಗ ಹಿಡಿ" ಎಂದು ಬಂತು. ನನಗೆ ಅರ್ಥವಾಗಲಿಲ್ಲ. ನಿಮಗೆ ಗೊತ್ತಾಗುತ್ತದಂತೆ.

ಆದಷ್ಟು ಬೇಗ ಬನ್ನಿ ಅಣ್ಣ.

ಪ್ರತಿಮಾ

*

ದೇವನಕೊಂಡ
20 ಆಗಸ್ಟ್ 2025

ತಂಗಿ ಪ್ರತಿಮಾಗೆ,

ನಿನ್ನ ಅತ್ತೆ ಅಕ್ಕನಾಗಮ್ಮನವರ ಮೊಣಕಾಲು ನೋವು ಹೇಗಿದೆ? ಯುಗಾದಿಯ ಮುಂದೆ ವಾಗೀಶನಿಗೆ ಮಣ್ಣು ಕೊಟ್ಟು ಬಂದ ಮೇಲೆ ನಿಮ್ಮ ಮನೆಗೆ ಬರುವ ಧೈರ್ಯ ಆಗಲಿಲ್ಲ. ಬರದಿದ್ದದ್ದಕ್ಕೆ ಏನೂ ತಿಳಿಯಬೇಡಮ್ಮ. ಅವನ ಮಾತಿನಂತೆ ಬಲಗೈಯಲ್ಲಿ ಏನೂ ಇಡಲಿಲ್ಲ. ಎಲ್ಲರೂ ಮಣ್ಣು ಹಾಕುವಾಗ ನಾನು ಆ ಕೈಯನ್ನೇ ನೋಡುತ್ತಿದ್ದೆ.

ಸೋಮವಾರದ ಭಜನೆಗೆ ನೀನು ಬರಲಾರೆ ಎಂದಿದ್ದೆ. ನಡೆದದ್ದನ್ನು ನಿನಗೆ ಹೇಳಬೇಕು. ತೆಳ್ಳಗೆ ಬಾರಿಸುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದೆ, ನೀನು ಸಾಕ್ಷಿ.

ಏಪ್ರಿಲ್‌ನಿಂದ ದಿನಾ ಶಾಲೆ ಬಿಟ್ಟ ಮೇಲೆ ಮ್ಯಾಂಡೋಲಿನ್ ಹಿಡಿದು ಕೂತೆ. ಕರಟ ಬೇಡ, ಕೊಂಬು ಬೇಡ. ಅವನು ಎಲ್ಲಕ್ಕಿಂತ ಮೊದಲು ಕಳಿಸಿದ್ದ ಆ ಕಪ್ಪು ಪಿಕ್ ನನ್ನ ಪೆನ್ನಿನ ಡಬ್ಬಿಯಲ್ಲಿಯೇ ಇತ್ತು. ಅವತ್ತು ಅವನ ಬೆರಳಲ್ಲಿದ್ದದ್ದು ಅದೇ. ತಂತಿಗಳನ್ನೂ ಬದಲಿಸಲಿಲ್ಲ, ಅವನ ಕೈಯ ಬೆವರು ಹತ್ತಿ ಕಪ್ಪಾದ ತಂತಿಗಳೇ. ಸಡಿಲಾಗಿ ಹಿಡಿದೆ. ಇನ್ನೂ ಸಡಿಲಾಗಿ ಹಿಡಿದೆ. ತುದಿಯಲ್ಲಿ ಹಿಡಿದೆ. ಹೆಬ್ಬೆರಳು ಬಿಟ್ಟು ನಡುಬೆರಳಿನಲ್ಲಿ ಹಿಡಿದು ನೋಡಿದೆ. ಕೈಯನ್ನು ನೀರಿನಲ್ಲಿ ಅದ್ದಿ ನೋಡಿದೆ. ಪಿಕ್ ಇನ್ನೇನು ಬೀಳುತ್ತದೆ ಅನ್ನುವಾಗ ಬೆರಳು ನನ್ನನ್ನು ಕೇಳದೆ ತಾನೇ ಬಿಗಿಯುತ್ತದಮ್ಮ. ನಾನು ಬೇಡ ಅಂದರೂ ಬಿಗಿಯುತ್ತದೆ. ಇಷ್ಟು ವರ್ಷ ಅದಕ್ಕೆ ಕಲಿಸಿದ್ದು ಅದೊಂದನ್ನೇ.

ಸೋಮವಾರ ಗುಡಿಯಲ್ಲಿ ಅದೇ ಕಂಬಕ್ಕೆ ಒರಗಿ ಕೂತೆ. ಎಡಗಡೆ ಅವನಷ್ಟು ಜಾಗ ಬಿಟ್ಟಿದ್ದೆ. ಶೇಷಮ್ಮ ಬಂದು, "ಆ ಸಾವ್ಕಾರಪ್ಪ ಬರಲಿಲ್ಲೇನು?" ಎಂದು ಕೇಳಿದಳು. ಆಕೆಗೆ ಯಾರೂ ಹೇಳಿರಲಿಲ್ಲ. ನಾನು, "ಬರ್ತಾನ, ಕೇಳು" ಅಂದೆ. ಹೂವಿನ ಬುಟ್ಟಿ ಇಳಿಸಿ ಕೂತಳು.

ಎರಡನೇ ಪದ ಎತ್ತಿದೆ. ತೆಳ್ಳಗೆ ಬಾರಿಸಲು ನನ್ನಿಂದ ಆದದ್ದನ್ನೆಲ್ಲ ಮಾಡಿದೆ. ದನಿ ಗುಂಡಗೆ, ತುಂಬಿ, ಗುಡಿಯ ಮೂಲೆಮೂಲೆಗೂ ಹೋಯಿತು. ಜೋಡಿ ತಂತಿಗಳು ಎರಡೂ ಒಟ್ಟಿಗೆ ಮಾತಾಡಿದವು. ಮುಗಿದ ಮೇಲೆ ಭೀಮಲಿಂಗಪ್ಪ ಮಾಮ ನನ್ನ ಬೆನ್ನು ತಟ್ಟಿ, "ಮಾಸ್ತರ, ಏನ್ ಕೈ ಅಪ್ಪ ನಿಂದು" ಅಂದರು. ಶೇಷಮ್ಮ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಬುಟ್ಟಿ ಎತ್ತಿಕೊಂಡು, "ಬರಲಿಲ್ಲಲ್ಲಪ್ಪ" ಎಂದು ಹೋದಳು.

ಮೊದಲಿನಿಂದ ಕೊನೆಯವರೆಗೂ ಪಿಕ್ ಒಂದು ಸಲವೂ ಜಾರಲಿಲ್ಲ.

ನಿನ್ನ ಅಣ್ಣ,
ಸೋಮೇಶ್